ವೆಂಕಟ ಹತ್ತಿದ ಮೆಟ್ಟಿಲು

ಕುಮಟೆಯ ಆ ಖಾಸಗಿ ಆಸ್ಪತ್ರೆಯಲ್ಲಿ ಮಾಲಿನಿಗೆ ಹೆಸರೇ ಇರಲಿಲ್ಲ. ಹೃದಯದ ವಾರ್ಡಿನ ಡಾಕ್ಟರ್ ಕೃಷ್ಣಾನಂದ ಅವಳನ್ನು ‘ವ್ಯಾಯಾಮದ ಹುಡುಗಿ’ ಎಂದೇ ಕರೆಯುತ್ತಿದ್ದ. ಅವಳು ಓದಿದ್ದು ಫಿಸಿಯೋಥೆರಪಿ. ಹೃದಯಾಘಾತವಾಗಿ ಹಾಸಿಗೆ ಹಿಡಿದವರನ್ನು ಮೊದಲು ಕೂರಿಸಿ, ಆಮೇಲೆ ನಿಲ್ಲಿಸಿ, ನಾಡಿ ನೋಡುತ್ತ ನಡೆಸಿ ಮನೆಗೆ ಕಳಿಸುವುದು ಅವಳ ಕೆಲಸ. ಆ ಕೆಲಸವೆಂದರೆ ಅವಳಿಗೆ ಜೀವ.

೧೯೯೯ರ ಮಾತು. ಹತ್ತಿರದ ಕಡಲೂರು ಕಾಸರಕೋಡದಲ್ಲಿ ದೋಣಿ ನಡೆಸುತ್ತಿದ್ದ ವೆಂಕಟ ಎದೆ ಹಿಡಿದುಕೊಂಡು ಬಂದು ಸೇರಿದ, ಬದುಕಿದ. ಅವನಿನ್ನೂ ವರಾಂಡ ದಾಟುವ ಸ್ಥಿತಿಯಲ್ಲಿರಲಿಲ್ಲ, ಅಷ್ಟರಲ್ಲಿ ಆಸ್ಪತ್ರೆಯ ಟ್ರಸ್ಟಿಗಳು ನೋಡಲು ಬಂದರು. ಡಾಕ್ಟರಿಗೆ ಉಮೇದು ಹತ್ತಿತು.

“ನೋಡ್ತಾ ಇರಿ, ನಮ್ಮ ಪೇಶಂಟು ಮಾಳಿಗೆ ಹತ್ತುತ್ತಾನೆ.”

“ಬೇಡ ಸರ್. ಎದ್ದು ಕೂತರೇ ಅವರ ನಾಡಿ ತಪ್ತಾ ಇದೆ” ಎಂದಳು ಮಾಲಿನಿ.

“ನೀನು ಕೈಕಾಲು ನೋಡ್ಕೋ. ಹೃದಯ ನಾನು ನೋಡ್ಕೊಳ್ತೇನೆ.”

ವೆಂಕಟ ನಗುತ್ತಲೇ ಹತ್ತಿದ. ಮೆಟ್ಟಿಲ ತಿರುವಿನಲ್ಲಿ ಕುಸಿದವನು ಮತ್ತೆ ಏಳಲಿಲ್ಲ.

“ವ್ಯಾಯಾಮದ ಹುಡುಗಿ ನನ್ನನ್ನು ಕೇಳದೆ ಹತ್ತಿಸಿಬಿಟ್ಟಳು” ಎಂದ ಡಾಕ್ಟರ್. ಕಣ್ಣಾರೆ ಕಂಡವರು ಬಾಯಿ ಬಿಡಲಿಲ್ಲ. ವೆಂಕಟನ ಹೆಂಡತಿ ಮಾಸ್ತಮ್ಮ ಆಸ್ಪತ್ರೆಯ ಬಾಗಿಲಲ್ಲೇ ಮಾಲಿನಿಯ ಜಡೆ ಹಿಡಿದು ಎಳೆದಾಡಿದಳು. ಮಾಲಿನಿ ಕೂಗಿ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಅಂದೇ ಕೆಲಸ ಹೋಯಿತು.

ಮಾಲಿನಿ ಅಳಲಿಲ್ಲ. ಮಂಗಳೂರಿಗೆ ಹೋಗಿ ಫಿಸಿಯೋಥೆರಪಿಯ ಮೇಲಿನ ಪದವಿ ಎಂ.ಪಿ.ಟಿ. ಮುಗಿಸಿದಳು. ಭಟ್ಕಳದಲ್ಲಿ ಹೊಸ ಫಿಸಿಯೋಥೆರಪಿ ಕಾಲೇಜು ತೆರೆದಾಗ ಪಾಠ ಹೇಳಲು ಸೇರಿದಳು. ರೋಗಿಯ ಮಣಿಕಟ್ಟು ಹಿಡಿದು ರೂಢಿಯಾದ ಬೆರಳಿಗೆ ಸೀಮೆಸುಣ್ಣ ಎಷ್ಟೋ ದಿನ ಒಗ್ಗಲಿಲ್ಲ. ಒಗ್ಗಿಸಿಕೊಂಡಳು. ವಾರ್ಡಿನಲ್ಲಿ ಇರುವಷ್ಟು ಕಾಲ ಡಾಕ್ಟರನ ಕೈಕೆಳಗೇ ಇರಬೇಕು. ಕಲಿಸುವವಳ ಬಾಗಿಲಿಗೆ ಒಂದಲ್ಲ ಒಂದು ದಿನ ಅವನೇ ಬರಬೇಕಾಗುತ್ತದೆ. ಈ ಲೆಕ್ಕವನ್ನು ಅವಳು ಯಾರಿಗೂ ಹೇಳಲಿಲ್ಲ.

೨೦೦೭ರಲ್ಲಿ ಅವನು ಬಂದ. ಕೃಷ್ಣಾನಂದನ ವಾರ್ಡಿಗೆ ಪುಕ್ಕಟೆ ದುಡಿಯುವ ಕೈಗಳು ಬೇಕಿದ್ದವು. ಕಾಲೇಜಿನ ಮಕ್ಕಳನ್ನು ತರಬೇತಿಗೆ ಅಲ್ಲಿಗೆ ಕಳಿಸಬೇಕಾದರೆ ವಿಭಾಗದ ಮುಖ್ಯಸ್ಥೆ ಮಾಲಿನಿ ಒಪ್ಪಬೇಕು. ಕನ್ನಡಕ ಹಾಕಿದ, ಸೀರೆಯುಟ್ಟ ಪ್ರೊಫೆಸರ್ ಅವನಿಗೆ ಗುರುತೇ ಹತ್ತಲಿಲ್ಲ.

“ಮೊದಲು ನಮ್ಮ ಮಕ್ಕಳಿಗೊಂದು ಉಪನ್ಯಾಸ ಕೊಡಿ ಸರ್” ಎಂದಳು, ಜೇನು ಸವರಿದ ದನಿಯಲ್ಲಿ.

ಉಪನ್ಯಾಸದ ಹಿಂದಿನ ದಿನ ಅವಳು ಕಾಸರಕೋಡಕ್ಕೆ ಹೋದಳು. ಮರಳಿನ ಮೇಲೆ ಮೀನು ಒಣಹಾಕುತ್ತಿದ್ದ ಮಾಸ್ತಮ್ಮ ನೋಡಿದ ಕೂಡಲೇ ಉಗಿದಳು.

“ಎಂತಕ್ಕೆ ಬಂದ್ಯೆ? ಯಾವ ಮುಖ ಇಟ್ಕಂಡ್ ಬಂದ್ಯೆ?”

“ನಾಳೆ ಒಂದ್ಸಲ ಕಾಲೇಜಿಗೆ ಬಾ. ಕೇಳಿ ಆದ್ಮೇಲೆ ಬೇಕಾದ್ರೆ ಮತ್ತೆ ಉಗಿ.”

ಮಾಸ್ತಮ್ಮ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಕೃಷ್ಣಾನಂದ ತನ್ನ ವಾರ್ಡನ್ನು ಹೊಗಳಿಕೊಂಡು ಮುಗಿಸಿದ ಮೇಲೆ ಮಾಲಿನಿ ಎದ್ದಳು.

“ಒಂದು ಪ್ರಶ್ನೆ ಸರ್. ಎದ್ದು ಕೂತರೇ ನಾಡಿ ತಪ್ಪುವ ಹೃದಯಾಘಾತದ ರೋಗಿಯನ್ನು ಮೆಟ್ಟಿಲು ಹತ್ತಿಸಬಹುದೇ?”

“ಛೇ! ಹತ್ತಿಸಿದವನಿಗೆ ಈ ವೃತ್ತಿಯಲ್ಲಿ ಇರುವ ಹಕ್ಕೇ ಇಲ್ಲ.”

“ಫಿಸಿಯೋಥೆರಪಿಸ್ಟ್ ಬೇಡ ಎಂದಳು, ಡಾಕ್ಟರೇ ಹತ್ತಿಸಿದರು. ಸತ್ತರೆ ಯಾರ ತಪ್ಪು?”

“ಡಾಕ್ಟರದ್ದೇ. ಅದರಲ್ಲಿ ಅನುಮಾನ ಎಂತದು?” ಎಂದವನು ಅವಳ ಮುಖ ನೋಡಿದ. ಈಗ ಗುರುತು ಹತ್ತಿತು.

“ರೋಗಿಯ ಹೆಸರು ವೆಂಕಟ” ಎಂದಳು ಮಾಲಿನಿ, ಮಕ್ಕಳ ಕಡೆ ತಿರುಗಿ. “ಬರ್ಕೊಳ್ಳಿ. ‘ನೀನು ಕೈಕಾಲು ನೋಡ್ಕೋ’ ಅಂದ ಡಾಕ್ಟರು ಇವರೇ.”

“ಇದೆಲ್ಲ ಸುಳ್ಳು...” ಎಂದು ಅವನು ತೊದಲುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಮಾಸ್ತಮ್ಮ ನಡೆದು ಬಂದಳು. ಹೊಡೆಯಲಿಲ್ಲ, ಬಯ್ಯಲಿಲ್ಲ.

“ಅವ್ನ ಹೆಂಡ್ತಿ ನಾನು. ಇವ್ಳ ಜಡೆ ಎಳ್ದಾಗ ನೀ ಅಲ್ಲೇ ನಿಂತಿದ್ದೆ ಅಲ್ದಾ?”

ಅವನು ಬೆವರು ಒರೆಸಿಕೊಳ್ಳುತ್ತ ಕಾರು ಹತ್ತಿದ. ಪ್ರಿನ್ಸಿಪಾಲರು ರೇಗಿದರು, ಮಾಲಿನಿ ನಿಂತು ಕೇಳಿಸಿಕೊಂಡಳು, ಕ್ಷಮೆ ಕೇಳಲಿಲ್ಲ. ತರಬೇತಿಯ ಒಪ್ಪಂದ ಮುರಿದುಬಿತ್ತು.

ಗೇಟಿನ ಹತ್ತಿರ ಮಾಸ್ತಮ್ಮ ಕೇಳಿದಳು: “ಇಷ್ಟೆಲ್ಲಾ ಓದಿದ್ದು ಇದ್ಕೇ ಏನೇ?”

“ಇದಕ್ಕೇ.”

“ಆತು. ಇನ್ನು ನನ್ ಪಾಳಿ.”

ಅಂದಿನಿಂದ ಮಾಸ್ತಮ್ಮ ಮೀನಿನ ಬುಟ್ಟಿ ಹೊತ್ತು ಕುಮಟೆಗೇ ಹೋಗತೊಡಗಿದಳು. ಕೂರುವುದು ಆ ಆಸ್ಪತ್ರೆಯ ಗೇಟಿನ ಎದುರು. ಒಳಗೆ ಹೋಗುವ ಪ್ರತಿಯೊಬ್ಬರಿಗೂ ಗಂಡ ಸತ್ತ ಕತೆ ಹೇಳುತ್ತಾಳೆ. ಎಷ್ಟೋ ಜನ ಅಲ್ಲಿಂದಲೇ ಹಿಂದೆ ತಿರುಗುತ್ತಾರೆ. ಮಾಲಿನಿ ಆ ಕಡೆ ಹೋಗುವ ಬಸ್ಸು ಹತ್ತಿದರೆ ಗೇಟಿನೆದುರಿನ ಮಾಸ್ತಮ್ಮ ಕಾಣಲೆಂದು ಆಸ್ಪತ್ರೆಯ ಬದಿಯ ಕಿಟಕಿಯ ಸೀಟನ್ನೇ ಹಿಡಿಯುತ್ತಾಳೆ.