ಹೃದಯಕ್ಕೊಂದು ಪುಸ್ತಕ, ಉಸಿರಿಗೊಂದು

ಕೆಲಸಕ್ಕೆಂದು ಮೂರನೇ ಮಹಡಿಯ ಪುಸ್ತಕ ಬೈಂಡಿಂಗ್ ಅಂಗಡಿಗೆ ಹತ್ತುವಾಗ ಅಮ್ಮ ಎರಡು ಕಡೆ ನಿಲ್ಲುತ್ತಿದ್ದಳು. ಮೊದಲ ಸಲ ಉಸಿರಿಗಾಗಿ, ಎರಡನೆಯ ಸಲ ಎದೆಬಡಿತಕ್ಕಾಗಿ. ನಾನು ಊಟದ ಡಬ್ಬಿ ಹಿಡಿದು ಎರಡು ಮೆಟ್ಟಿಲು ಕೆಳಗೆ ಕಾಯುತ್ತಿದ್ದೆ.

"ಮುಂದೆ ಹೋಗೇ, ಮೆರವಣಿಗೆ ತರ ಹಿಂದೆ..." ಎಂದು ಗದರುತ್ತಿದ್ದಳು. ಗದರುವುದಕ್ಕೂ ಉಸಿರು ಬೇಕಲ್ಲ, ಬೈಗುಳ ಅರ್ಧಕ್ಕೇ ನಿಲ್ಲುತ್ತಿತ್ತು.

ಉಬ್ಬಸ ಅವಳಿಗೆ ಹಳೆಯದು. ಎದೆಬಡಿತ ತಾಳ ತಪ್ಪಿದ್ದು ಈ ವರ್ಷ. ಉಬ್ಬಸ ಬಂದರೆ ಇನ್ಹೇಲರ್ ಪಂಪು ಬಾಯಿಗಿಟ್ಟು ಎಳೆದುಕೊಳ್ಳಬೇಕು. ಎಳೆದರೆ ಹೃದಯ ದಿಕ್ಕಾಪಾಲಾಗಿ ಓಡುತ್ತದೆ. ಅದನ್ನು ತಡೆಯುವ ಮಾತ್ರೆ ನುಂಗಿದರೆ ಉಸಿರು ಬಿಗಿಯುತ್ತದೆ. ಮತ್ತೆ ಪಂಪು. ಅಜ್ಜಿಯ ಕಥೆಯ ರಾಕ್ಷಸ ಪ್ರಾಣವನ್ನು ಏಳು ಸಮುದ್ರದಾಚೆಯ ಗಿಳಿಯೊಳಗೆ ಬಚ್ಚಿಟ್ಟು, ನಿಶ್ಚಿಂತೆಯಾಗಿ ಗೊರಕೆ ಹೊಡೆಯುತ್ತಿದ್ದ. ಅಮ್ಮನಿಗೆ ಆ ಸೌಕರ್ಯವಿರಲಿಲ್ಲ. ಅವಳ ಹೃದಯ, ಶ್ವಾಸಕೋಶ ಎರಡೂ ಒಂದೇ ಗೂಡಿನಲ್ಲಿ, ಮಾತು ಬಿಟ್ಟ ಓರಗಿತ್ತಿಯರ ಹಾಗೆ ಬಾಳುತ್ತಿದ್ದವು.

ಅಂಗಡಿಯಲ್ಲಿ ಅವಳದು ಅಂಚು ಕತ್ತರಿಸುವ ಯಂತ್ರ. ಅಲಗು ಇಳಿದಾಗಲೆಲ್ಲ ಕಾಗದದ ಧೂಳು ಹಿಟ್ಟಿನಂತೆ ಏಳುತ್ತಿತ್ತು. ನನ್ನದು ಕಿಟಕಿಯ ಪಕ್ಕ, ಹಾಳೆ ಹೊಲಿಯುವ ಮೇಜು. ಆ ಮಂಗಳವಾರ ಮಧ್ಯಾಹ್ನ ಅವಳು ಯಂತ್ರ ನಿಲ್ಲಿಸಿ ಪುಸ್ತಕದ ಕಟ್ಟಿನ ಮೇಲೆ ಕೂತುಬಿಟ್ಟಳು. ಪಂಪು ಎಳೆದಳು, ಮತ್ತೆ ಎಳೆದಳು. ಮಣಿಕಟ್ಟು ಹಿಡಿದರೆ ನಾಡಿ ಎಡವಿ ಎಡವಿ ಓಡುತ್ತಿತ್ತು.

"ಡಾಕ್ಟರ ಹತ್ರ ಹೋಗೋಣ ನಡಿ."

"ಯಾವ ಡಾಕ್ಟರು?" ಎಂದಳು ಸುಸ್ತಾಗಿ.

ಅಷ್ಟು ದಿನ ನಾನು ಆ ಪ್ರಶ್ನೆ ಕೇಳಿಕೊಂಡೇ ಇರಲಿಲ್ಲ. ಉಸಿರು ಸ್ವಲ್ಪ ತಹಬದಿಗೆ ಬಂದ ಮೇಲೆ ಅವಳನ್ನು ಮನೆಗೆ ಕರೆತಂದು, ಡಾಕ್ಟರ ಚೀಟಿಗಳನ್ನು ಕೊಡು ಎಂದೆ. ಅವಳು ಕಪಾಟಿನಿಂದ ಎರಡು ಪುಸ್ತಕ ತೆಗೆದಳು. ಬೈಂಡರ್ ಅಲ್ಲವೇ! ಹೃದಯದ ಚೀಟಿಗಳಿಗೆ ಕೆಂಪು ಬಟ್ಟೆಯ ರಟ್ಟು, ಉಸಿರಿನವಕ್ಕೆ ನೀಲಿ. ನೂಲಿನ ಹೊಲಿಗೆ, ಅಂಚು ನೇರ. ಕೆಂಪು ಒಬ್ಬ ಡಾಕ್ಟರಿಗೆ, ನೀಲಿ ಇನ್ನೊಬ್ಬರಿಗೆ. ಒಂದರ ಚೀಟಿ ಇನ್ನೊಂದರೊಳಗೆ ಸೇರಲು ಜಾಗವೇ ಇರಲಿಲ್ಲ. ಕೆಂಪು ಪುಸ್ತಕದಲ್ಲಿ ಎಲ್ಲಿ ಹುಡುಕಿದರೂ ಉಬ್ಬಸ ಎಂಬ ಮಾತಿಲ್ಲ.

"ಹೃದಯದ ಡಾಕ್ಟರಿಗೆ ಉಬ್ಬಸದ ವಿಷ್ಯ ಹೇಳೇ ಇಲ್ವಾ?"

"ಅವರು ಕೇಳ್ಲಿಲ್ಲ. ಒಬ್ಬರ ಮನೆ ಮಾತು ಇನ್ನೊಬ್ಬರ ಮನೇಲಿ ಆಡ್ತಾರೇನೆ?"

"ಅಮ್ಮಾ, ಎರಡು ಮನೇನೂ ನೀನೇ."

ಅವಳು ನೀಲಿ ಪುಸ್ತಕದ ಒಂದು ಪುಟದ ಮೇಲೆ ಬೆರಳಿಟ್ಟಳು. 'ಧೂಳಿನ ಕೆಲಸ ಬಿಡಬೇಕು' ಎಂದು ಉಸಿರಿನ ಡಾಕ್ಟರು ಬರೆದು ಒಂದು ವರ್ಷವಾಗಿತ್ತು.

"ಒಬ್ರು ಹೇಳಿದ್ರೆ ಕೇಳಿಸ್ಲಿಲ್ಲ ಅಂತ ಇರಬಹುದು. ಇಬ್ಬರೂ ಹೇಳಿದ್ರೆ ಬಿಡ್ಲೇಬೇಕಾಗತ್ತೆ. ಇಪ್ಪತ್ತೆರಡು ವರ್ಷ ಆ ಯಂತ್ರದ ಮುಂದೆ ನಿಂತಿದೀನಿ ಕಣೇ. ಅದು ಬಿಟ್ರೆ ನಾನು ಯಾರು?"

ನಾನು ಎದ್ದೆ. ಕತ್ತರಿ ತಂದು ಕೆಂಪು ಪುಸ್ತಕದ ಹೊಲಿಗೆಗೆ ಹಾಕಿದೆ. ಅವಳಿಗೆ ನೋಡಲಾಗಲಿಲ್ಲ.

"ಹಾಗಲ್ವೇ ಪೆದ್ದೇ! ನೂಲು ಒಳಗಡೆಯಿಂದ ಕತ್ತರಿಸು, ಇಲ್ದಿದ್ರೆ ಹಾಳೆ ಹರಿಯತ್ತೆ. ಕೊಡು ಇಲ್ಲಿ."

ಎರಡು ಪುಸ್ತಕವನ್ನೂ ತಾನೇ ಬಿಚ್ಚಿದಳು. ಇಬ್ಬರೂ ಕೂತು ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆವು. ಕೆಂಪಿನದೊಂದು, ಹೃದಯದ ಮಾತ್ರೆ ಶುರುವಾದದ್ದು. ಅದರ ಬೆನ್ನಿಗೇ ನೀಲಿಯದು, ಪಂಪು ದಿನಕ್ಕೆರಡು ಸಲ ಹೆಚ್ಚಾದದ್ದು. ಮಾತ್ರೆ ಜಾಸ್ತಿಯಾದಾಗ ಮತ್ತೆ ಹಾಗೆಯೇ. ಅಮ್ಮ ಆ ತಾರೀಖುಗಳನ್ನು ಮತ್ತೊಮ್ಮೆ ಓದಿದಳು. ಆಮೇಲೆ ಸೂಜಿ ಪೋಣಿಸಿ, ಎಲ್ಲವನ್ನೂ ಸೇರಿಸಿ ಹೊಲಿದಳು. ರಟ್ಟು ಹಾಕಲಿಲ್ಲ.

ಮರುದಿನ ಹೃದಯದ ಡಾಕ್ಟರು ಎದೆಗೆ ತಂತಿಗಳನ್ನಂಟಿಸಿ ಬಡಿತ ಬರೆಸಿಕೊಂಡರು. ನಮ್ಮ ಪುಸ್ತಕ ತೆರೆದು ನಾಲ್ಕನೇ ಪುಟದಲ್ಲಿ, ಪಂಪು ಹೆಚ್ಚಾದ ಚೀಟಿಗೆ ಬಂದು ನಿಂತರು.

"ಈ ಮಾತ್ರೆ ಉಬ್ಬಸ ಇರೋರಿಗೆ ಕೊಡೋದಲ್ಲ. ಯಾಕಮ್ಮ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಸಾರ್."

"ಕೇಳ್ಬೇಕಿತ್ತು," ಎಂದು ಅವರು ಕನ್ನಡಕ ತೆಗೆದರು. ಉಸಿರಿನ ಡಾಕ್ಟರಿಗೆ ಫೋನು ಮಾಡಿ, ಮಾತ್ರೆ ಬದಲಿಸಿ, ಹಳೆಯದನ್ನು ಹೇಗೆ ಕಡಿಮೆ ಮಾಡುತ್ತ ಬಿಡಬೇಕೆಂದು ಬರೆದರು. ಪಂಪು ಬಿಡಬಾರದು. ಸುಧಾರಿಸಲು ವಾರಗಳೇ ಬೇಕು. "ಮತ್ತೆ ಆ ಧೂಳಿನ ಕೆಲಸ ಬಿಡ್ಬೇಕು. ಈಗ ಇಬ್ಬರೂ ಹೇಳ್ತಾ ಇದೀವಿ."

ನಾನು ಅವಳನ್ನು ಸಂತೆಯಲ್ಲಿ ಮಾರಿದೆನೇನೋ ಎಂಬಂತೆ ಅಮ್ಮ ನನ್ನತ್ತ ನೋಡಿದಳು.

ವಿಷಯ ಕೇಳಿ ಅಂಗಡಿಯ ಯಜಮಾನರು ಕತ್ತು ಕೆರೆದುಕೊಂಡು ಯೋಚಿಸಿದರು. ನಮ್ಮಿಬ್ಬರನ್ನೂ ಅದಲುಬದಲು ಮಾಡಿದರು. ಅಮ್ಮ ಕಿಟಕಿಯ ಪಕ್ಕ, ನಾನು ಯಂತ್ರಕ್ಕೆ. ಮೊದಲ ದಿನವೆಲ್ಲ ಅವಳ ಕಣ್ಣು ಯಂತ್ರದ ಕಡೆಗೇ. ಅಲಗು ಇಳಿದಾಗಲೆಲ್ಲ ಅವಳ ಭುಜ ಅದುರುತ್ತಿತ್ತು. ಸಂಜೆಯ ಹೊತ್ತಿಗೆ ನನ್ನ ರೆಪ್ಪೆಯ ಮೇಲೆ ಬಿಳಿ ಧೂಳು ಕೂತಿತ್ತು. ಕೆಮ್ಮು ಬಂತು.

"ಮಾಸ್ಕ್ ಹಾಕ್ಕೋ," ಎಂದಳು ಅಲ್ಲಿಂದಲೇ.

"ಇದೊಂದು ಕಟ್ಟು ಮುಗೀಲಿ ಅಮ್ಮ, ಹಾಕ್ಕೋತೀನಿ."

ಸೂಜಿ ನಿಂತಿತು. "ನಾನೂ ಇಪ್ಪತ್ತೆರಡು ವರ್ಷ ಅದನ್ನೇ ಹೇಳಿದ್ದು ಕಣೇ."

ನಾನು ಯಂತ್ರ ನಿಲ್ಲಿಸಿದೆ.