ಮಾಮಾ ಪುಟ್ಟಿ

ಹನ್ನೊಂದನೆಯ ದಿನ ನಾಮಕರಣವೆಂದು ನನ್ನ ಗಂಡ ಚಿದಾನಂದ ನೈರೋಬಿಯ ಹೈರಿಡ್ಜ್ ಬಡಾವಣೆಯ ಪುರೋಹಿತರಿಗೆ ಹೇಳಿಟ್ಟಿದ್ದ. ಒಂಬತ್ತನೆಯ ದಿನ ಮಗು ಹೋಯಿತು. ಆಸ್ಪತ್ರೆಯ ಕಾಗದದಲ್ಲಿ ಅವಳು ಬರೀ 'ಕಾತ್ಯಾಯಿನಿಯ ಹೆಣ್ಣು ಕೂಸು'.

ಬಸಿರಿಯಾಗಿದ್ದಾಗ ಮಕ್ಕಳ ಬಟ್ಟೆಯ ಅಂಗಡಿಯಲ್ಲಿ ರಿಯಾಯಿತಿ ಕಾರ್ಡಿಗೆ ಫಾರಂ ತುಂಬಿದ್ದೆ. ಹುಟ್ಟುವ ಮೊದಲು ಹೆಸರಿಡಬಾರದಲ್ಲ, ಮಗುವಿನ ಹೆಸರು ಕೇಳಿದ ಕಡೆ ನಾವು ಹೊಟ್ಟೆಯೊಡನೆ ಮಾತಾಡುವಾಗ ಕರೆಯುತ್ತಿದ್ದ 'ಪುಟ್ಟಿ'ಯನ್ನೇ ಗೀಚಿದೆ. ಅಂಗಡಿಯವರು ಆ ಹೆಸರನ್ನೂ ನನ್ನ ಫೋನ್ ನಂಬರನ್ನೂ ಪಟ್ಟಿ ಮಾರುವ ಕಂಪನಿಯೊಂದಕ್ಕೆ ಮಾರಿಕೊಂಡರು. ಡೈಪರಿನವರು, ವಿಮೆಯವರು, ನರ್ಸರಿ ಶಾಲೆಯವರು ಸಾಲುಗಟ್ಟಿ ಮೆಸೇಜು ಕಳಿಸತೊಡಗಿದರು. ತಾಯಂದಿರನ್ನು ಮಗುವಿನ ಹೆಸರಿಗೆ 'ಮಾಮಾ', ಅಂದರೆ ಅಮ್ಮ, ಎಂದು ಸೇರಿಸಿ ಕರೆಯುವುದು ಇಲ್ಲಿನ ವಾಡಿಕೆ. 'ಮಾಮಾ ಪುಟ್ಟಿ, ಮಗುವಿಗೆ ಆರು ತಿಂಗಳು. ಗಂಜಿ ಶುರು ಮಾಡಿದಿರಾ?' ಸ್ಟಾಪ್ ಎಂದು ಕಳಿಸಿದರೆ ಒಂದು ನಂಬರು ಸುಮ್ಮನಾಗುತ್ತಿತ್ತು, ಇನ್ನೆರಡು ಬಾಯಿ ತೆರೆಯುತ್ತಿದ್ದವು. ಇವರ ಬಾಯಿಗೆ ಮಣ್ಣು ಬೀಳಲಿ ಎಂದು ಶಪಿಸುತ್ತಿದ್ದೆ. ಫೋನು ಸದ್ದು ಮಾಡಿದರೆ ಚಿದಾನಂದ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅಳುತ್ತಿದ್ದ.

2019ರ ಡಿಸೆಂಬರಿನಲ್ಲಿ ಅವನೇ ಹೇಳಿದ: "ಹೊಸ ಕಾನೂನು ಬಂದಿದೆ ಕಣೇ. ಲಿಸ್ಟಿಂದ ಡಿಲೀಟ್ ಮಾಡಿ ಅಂತ ನಾವೇ ಕೇಳ್ಬೋದು. ನನ್ ಕೈಲಿ ಇನ್ನು ಆಗಲ್ಲ."

ಇಂಡಸ್ಟ್ರಿಯಲ್ ಏರಿಯಾದ ಲಾರಿಗಳ ನಡುವೆ ಎರಡು ಗಂಟೆ ಬೆಂದು, ಪಟ್ಟಿ ಮಾರುವ ಆ ಕಂಪನಿಗೆ ಹೋದೆವು. ಅವನು ಕಾರಿನಲ್ಲೇ ಉಳಿದ. ಕೌಂಟರಿನ ಹುಡುಗಿ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಮಾಮಾ ಪುಟ್ಟಿ, ಇದೇ ತಾನೆ?"

ಯಾರೂ ನನ್ನನ್ನು ಬಾಯಿಬಿಟ್ಟು ಹಾಗೆ ಕರೆದಿರಲಿಲ್ಲ. ನನ್ನ ಮಗಳ ಹೆಸರು ಇಡೀ ಭೂಮಿಯ ಮೇಲೆ ಅಚ್ಚಾಗಿದ್ದದ್ದು ಈ ಕಳ್ಳರ ಪಟ್ಟಿಯಲ್ಲಿ ಮಾತ್ರ.

"ನಂಬರ್ ಮಾತ್ರ ತೆಗೀರಿ," ಎಂದೆ. "ಹೆಸರು ಇರಲಿ."

"ಎರಡೂ ಒಂದೇ ಸಾಲಲ್ಲಿದೆ. ತೆಗೆದರೆ ಪೂರ್ತಿ ಹೋಗುತ್ತೆ. ಕೊಂಡವರಿಗೂ ಅಳಿಸೋಕೆ ಹೇಳ್ತೀವಿ."

ಕಿಟಕಿಯಾಚೆ ಚಿದಾನಂದ ಸ್ಟೀರಿಂಗಿಗೆ ಹಣೆಯಿಟ್ಟು ಕೂತಿದ್ದ. ಅವನನ್ನೂ ಕಳೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಸಹಿ ಹಾಕಿದೆ. ಹುಡುಗಿ ಗುಂಡಿ ಒತ್ತಿದಳು, ಆ ಸಾಲು ಹೋಯಿತು.

ಬಾಗಿಲ ತನಕ ಬಂದಿದ್ದೆ. ಪರ್ಸು ಕೌಂಟರಿನ ಮೇಲೇ ಉಳಿದಿತ್ತು.

"ಮೇಡಮ್," ಎಂದು, ಆಗಷ್ಟೇ ಮಾಮಾ ಪುಟ್ಟಿ ಎಂದಿದ್ದವಳು ಹಿಂದಿನಿಂದ ಕರೆದಳು, "ಮೇಡಮ್, ನಿಮ್ಮ ಪರ್ಸು."

ನನಗೆ ತಿರುಗಲು ಆಗಲಿಲ್ಲ.