ಬೆನ್ನಿಗೊಂದು ಕೆಂಪು ದೀಪ

ನನ್ನ ತಮ್ಮ ಚಿಕ್ಕಬಸಪ್ಪ ಲಿಂಗೈಕ್ಯನಾದ ಸುದ್ದಿ ನಮಗೆ ತಿಳಿದದ್ದು ೨೦೦೩ರ ಕಾರ್ತಿಕ ಮಾಸದ ಕಡೆಯ ಸೋಮವಾರ, ಬೆಳಗಿನ ಏಳು ಗಂಟೆಗೆ. ನನ್ನಿವಾಳದ ನಮ್ಮ ಮನೆಯಲ್ಲಿ ಅವನ ಹೆಂಡತಿ ಗಂಗಾಂಬಿಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ವಿಭೂತಿ ಧರಿಸಿ ಜಗಲಿಯಲ್ಲಿ ಕುಳಿತಿದ್ದೆ. ಗುರುತಿಲ್ಲದ ಒಬ್ಬ ಲಾರಿ ಚಾಲಕ ಅಂಗಳಕ್ಕೆ ಬಂದು ಕೈಮುಗಿದು ನಿಂತ. ಅವನ ಹಿಂದೆ ಊರವರಿದ್ದರು.

"ಕಾಣ್ಲಿಲ್ಲ ಯಜಮಾನ್ರೆ," ಎಂದ. "ಕರೇ ಕಂಬ್ಳಿ, ಕರೇ ರೋಡು. ಹತ್ರ ಬರೋವರ್ಗೂ ಕಾಣ್ಲೇ ಇಲ್ಲ."

ಆ ಕಂಬಳಿಯನ್ನು ಕೊಟ್ಟವನು ನಾನು. "ಚಳಿ ಐತೆ, ಹೊದ್ಕಂಡು ಹೋಗಲೇ" ಎಂದು ನಸುಕಿನಲ್ಲಿ ನಾನೇ ಅವನ ಹೆಗಲಿಗೆ ಹಾಕಿದ್ದೆ.

ಚಿಕ್ಕಬಸಪ್ಪ ಜನರನ್ನು ನಗಿಸುತ್ತಿದ್ದ ಮನುಷ್ಯ. ಅವನ ವಿಷಯವನ್ನು ಅಳುತ್ತ ಹೇಳಿದರೆ ಅವನಿಗೆ ಸೇರುವುದಿಲ್ಲ. ಆದ್ದರಿಂದ ಮುಂದೆ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಅವನು ಹೊತ್ತಿದ್ದ ಹರಕೆಯೇ ವಿಚಿತ್ರವಾಗಿತ್ತು. ಗಂಗಾಂಬಿಕೆಗೆ ಎರಡು ವರ್ಷದಿಂದ ಮೊಣಕಾಲು ನೋವು. ಅವಳು ಕಟ್ಟೆಯ ಮೇಲೆ ಕುಳಿತು ನೀರು ತಾ, ಸೌದೆ ತಾ ಎಂದು ಅವನನ್ನೇ ಓಡಾಡಿಸುತ್ತಿದ್ದಳು. ಒಂದು ದಿನ ಅವನು ನಾಯಕನಹಟ್ಟಿಯ ಕಡೆ ತಿರುಗಿ ಕೈಮುಗಿದ. "ಅಪ್ಪಾ ತಿಪ್ಪೇಸ್ವಾಮಿ, ಇವಳ ಮೊಣಕಾಲು ವಾಸಿ ಮಾಡು. ಇಲ್ದಿದ್ರೆ ನನ್ನ ಸೊಂಟ ಹೋಗ್ತದೆ. ವಾಸಿಯಾದ್ರೆ ಕಾರ್ತಿಕದ ನಾಲ್ಕು ಸೋಮವಾರ ನಡ್ಕೊಂಡು ಬೆಳಗಿನ ಪೂಜೆಗೆ ಬರ್ತೀನಿ" ಎಂದ. ಡಾಕ್ಟರ ಮಾತ್ರೆಯೋ ಸ್ವಾಮಿಯ ಕೃಪೆಯೋ, ಮೊಣಕಾಲು ವಾಸಿಯಾಯಿತು. ಅವನು ಮೂರು ಸೋಮವಾರ ನಡೆದು ಬಂದ. ನಾಲ್ಕನೆಯದಕ್ಕೆ ಹೊರಟವನು ದೇವಸ್ಥಾನ ಮುಟ್ಟಲಿಲ್ಲ.

ವರ್ಷ ತುಂಬಿತು. ಮತ್ತೆ ಕಾರ್ತಿಕ ಬಂತು. ಗಂಗಾಂಬಿಕೆ ನನ್ನ ಮುಂದೆ ಬಂದು ನಿಂತಳು.

"ಭಾವಾರೆ, ಉಳಿದಿರೋ ಒಂದು ಸೋಮವಾರ ನಾನು ನಡೀತೀನಿ. ಈ ಕಾಲು ಅವರ ಹರಕೇದು."

"ಬಸ್ಸಿನಾಗೆ ಹೋಗು."

"ಅವರು ಬಸ್ಸಿನ ಹರಕೆ ಹೊತ್ತಿರ್ಲಿಲ್ಲ."

"ಹಂಗಾದ್ರೆ ಬೆಳಕು ಹರಿದ ಮೇಲೆ ಹೋಗು."

"ಬೆಳಗಿನ ಪೂಜೆಗೆ ಅಂತ ಹರಕೆ. ಬೆಳಕು ಹರಿದ ಮೇಲೆ ಹೊಂಟ್ರೆ ಮಧ್ಯಾಹ್ನದ ಪ್ರಸಾದಕ್ಕೆ ಸೇರ್ತೀನಿ."

"ಕಾಣ್ಲಿಲ್ಲ ಅನ್ನೋ ಮಾತು ಈ ಅಂಗಳದಾಗೆ ಇನ್ನೊಂದು ಸಲ ಕೇಳೋಕೆ ನನ್ನ ಕೈಲಿ ಆಗಲ್ಲ ತಾಯಿ. ಬೇಡ ಅಂದ್ರೆ ಬೇಡ."

ಹಿರಿಯನ ಮಾತು. ಅವಳು ಮೀರಲಿಲ್ಲ. ಆದರೆ ಅಂದಿನಿಂದ ಮೂರು ದಿನ ಸಾರಿಗೆ ಉಪ್ಪು ಬೀಳಲಿಲ್ಲ.

ನಾಲ್ಕನೆಯ ದಿನ ಬಾಬಾ ಜಾನ್ ಬಂದ. ಚಳ್ಳಕೆರೆಯಲ್ಲಿ ಸೈಕಲ್, ಮೊಪೆಡ್ ರಿಪೇರಿ ಅಂಗಡಿ ಇಟ್ಟಿರುವವನು; ನನ್ನ ತಮ್ಮನ ಜೀವದ ಗೆಳೆಯ. ಅಂಗಿಯ ಜೇಬಿನಿಂದ ಪೇಡೆಯಷ್ಟು ದೊಡ್ಡದೊಂದು ವಸ್ತು ತೆಗೆದು ಒತ್ತಿದ. ಅದು ಕೆಂಪಗೆ ಮಿಣುಕತೊಡಗಿತು. ಹಿಂದೆ ಸಿಗಿಸಿಕೊಳ್ಳಲು ಒಂದು ಕ್ಲಿಪ್ಪು.

"ಏನಿದು ಬಾಬಾ ಜಾನ್? ಯಾರ ಮದುವೆ ಸೀರಿಯಲ್ ಸೆಟ್ಟು ಕಿತ್ಕೊಂಡು ಬಂದೆ?"

"ತೌಬಾ! ಅಲ್ಲ ಅಣ್ಣಾರೆ. ಮೊಳಕಾಲ್ಮೂರು ಬೆಟ್ಟ ಹತ್ತೋಕೆ ಬೆಂಗಳೂರಿಂದ ಹುಡುಗ್ರು ಬಂದಿದ್ರು. ಬೆನ್ನ ಮೇಲೆ ಇಷ್ಟೆತ್ರ ಚೀಲ. ಬೆಟ್ಟದಾಗೆ ಡೇರೆ ಹಾಕ್ಕೊಂಡು ಮಲಗ್ತಾರಂತೆ."

"ಪಾಪ, ಮನೆ ಇಲ್ವಾ?"

"ಐತೆ. ಶೋಕಿ. ಕತ್ಲಲ್ಲಿ ರೋಡಿನಾಗೆ ನಡೆಯೋವಾಗ ಇದನ್ನ ಚೀಲದ ಹಿಂದೆ ಸಿಗಿಸ್ತಾರೆ, ಹಿಂದಿನ ಗಾಡಿಯೋನಿಗೆ ಕಾಣ್ಲಿ ಅಂತ. ನೋಡಿದ ಕೂಡ್ಲೇ ಚಿಕ್ಕಬಸಣ್ಣ ನೆನಪಾದ. ಒಂದು ಕೇಳಿ ಇಸ್ಕೊಂಡೆ."

ಪಕ್ಕದ ಮನೆಯ ದೊಡ್ಡೀರಪ್ಪ ಅಲ್ಲಿಯೇ ಕುಳಿತಿದ್ದ. ಅವನಿಗೆ ತನ್ನ ಟಾರ್ಚಿನ ಮೇಲೆ ಬಹಳ ಅಭಿಮಾನ. "ನನ್ನ ಹತ್ರ ಮೂರು ಸೆಲ್ಲಿಂದು ಐತೆ. ಈ ಮಿಂಚುಹುಳ ಕಟ್ಕೊಂಡು ಏನು ಮಾಡ್ತೀರಿ?" ಎಂದ.

"ಪರೀಕ್ಷೆ ಮಾಡೋಣ," ಎಂದೆ ನಾನು. ನಿಜ ಹೇಳಬೇಕೆಂದರೆ, ಆ ದೀಪವನ್ನು ಸೋಲಿಸಬೇಕೆಂದೇ ನನ್ನ ಮನಸ್ಸಿನಲ್ಲಿತ್ತು. ದೀಪ ಸೋತರೆ ಗಂಗಾಂಬಿಕೆ ಮನೆಯಲ್ಲಿ ಉಳಿಯುತ್ತಾಳೆ.

ಮೊದಲು ಅದನ್ನು ನೀರಿನ ತಂಬಿಗೆಯಲ್ಲಿ ಮುಳುಗಿಸಿ ಇಡೀ ರಾತ್ರಿ ಬಿಟ್ಟೆ. ದಾರಿಯಲ್ಲಿ ಮಳೆ ಬಂದರೆ ಕೆಡಬಾರದಲ್ಲ! ಬೆಳಗ್ಗೆ ದೊಡ್ಡೀರಪ್ಪ ಹೊಲದಿಂದ ಬಂದವನು, ಬಾಯಾರಿ, ಕೇಳದೆಯೇ ತಂಬಿಗೆ ಎತ್ತಿ ಬಾಯಿಗೆ ಸುರಿದುಕೊಂಡ. ಅರ್ಧ ಕುಡಿದು ಒಳಗೆ ಇಣುಕಿದ. ಕೆಂಪು ಬೆಳಕು ಅವನ ಮೂಗಿನ ಮೇಲೆ ಮಿಣುಕಿತು.

"ಅಯ್ಯಯ್ಯೋ! ನೀರಿಗೆ ಬೆಂಕಿ ಬಿದ್ದೈತೆ!"

ತಂಬಿಗೆ ಅಂಗಳದ ಆಚೆಗೆ ಹಾರಿತು. ಕಲ್ಲಿಗೆ ಬಡಿದು ತಂಬಿಗೆ ಸೊಟ್ಟಗಾಯಿತು. ದೀಪ ಮಾತ್ರ ಧೂಳಿನಲ್ಲಿ ಬಿದ್ದು ಮಿಣುಕುತ್ತಲೇ ಇತ್ತು. ಎತ್ತರದಿಂದ ಬೀಳಿಸಿ ನೋಡುವ ಪರೀಕ್ಷೆ ನಾನು ಮಾಡುವ ಮೊದಲೇ ಮುಗಿಯಿತು. ಆಮೇಲೆ ಎಂಟು ದಿನ ದೊಡ್ಡೀರಪ್ಪ ನಮ್ಮ ಮನೆಯ ಕಾಫಿಯನ್ನೂ ಲೋಟ ಅಲುಗಿಸಿ ನೋಡಿಯೇ ಕುಡಿದ.

ನೀರಿಗೂ ಕಲ್ಲಿಗೂ ಸೋಲದ್ದನ್ನು ಶಾಸ್ತ್ರದಿಂದ ಸೋಲಿಸಲು ಹೊರಟೆ.

"ದೀಪ ಅಂದ್ರೆ ಜ್ಯೋತಿ. ಬೆನ್ನ ಹಿಂದೆ ನೇತಾಕ್ಕೊಳ್ಳೋಕೆ ಅದೇನು ಬೀಗದ ಕೈಯಾ? ಇಟ್ಕೊಂಡ್ರೆ ಎದೆ ಮುಂದೆ, ಲಿಂಗದ ಹತ್ರ ಇಟ್ಕೋಬೇಕು. ಬೆನ್ನಿಗೆ ಕಟ್ಟೋದು ಅಪಚಾರ."

ಬಾಬಾ ಜಾನ್ ತಲೆ ಕೆರೆದುಕೊಂಡ. ಉತ್ತರ ಬಂದದ್ದು ಅಡುಗೆಮನೆಯಿಂದ.

"ಗುಡೀಲಿ ದೀಪ ಹಚ್ಚೋದು ಸ್ವಾಮಿಗೆ ದಾರಿ ಕಾಣ್ಲಿ ಅಂತಾನಾ ಭಾವಾರೆ? ನಮಗೆ ಸ್ವಾಮಿ ಕಾಣ್ಲಿ ಅಂತ. ಇದೂ ಅಷ್ಟೇ. ನಾವು ನೋಡೋಕಲ್ಲ, ಬೇರೆಯೋರಿಗೆ ನಾವು ಕಾಣೋಕೆ."

ಅರವತ್ತು ವರ್ಷ ದೀಪ ಹಚ್ಚಿದ್ದೇನೆ. ಈ ಮಾತು ನನಗೆ ಹೊಳೆದಿರಲಿಲ್ಲ. "ಸಾರಿಗೆ ಉಪ್ಪು ಹಾಕಿದ್ಯಾ?" ಎಂದು ಮಾತು ತಿರುಗಿಸಿದೆ.

ಕಡೆಯ ಪರೀಕ್ಷೆ ಊರ ಹೊರಗಿನ ರಸ್ತೆಯಲ್ಲಿ, ಹೊತ್ತು ಮುಳುಗಿ ಕಪ್ಪಾದ ಮೇಲೆ. ಬಾಬಾ ಜಾನ್ ತನ್ನ ಹಳೆಯ ಮೊಪೆಡ್ಡಿನಲ್ಲಿ ದೂರದಿಂದ ಬರಬೇಕು. ನಡೆಯುವವನು ಕಂಡ ಕೂಡಲೇ ಹಾರನ್ ಒತ್ತಬೇಕು. ಆಗಿನಿಂದ ಮೊಪೆಡ್ಡಿನ ಬೆಳಕು ಎಷ್ಟು ವಿದ್ಯುತ್ ಕಂಬ ದಾಟಿ ಬರುತ್ತದೆ ಎಂದು ಗಂಗಾಂಬಿಕೆ ಮೋರಿಯ ಮೇಲೆ ಕುಳಿತು ಎಣಿಸಬೇಕು.

ಮೊದಲು ದೊಡ್ಡೀರಪ್ಪ ಟಾರ್ಚು ಬಿಟ್ಟುಕೊಂಡು ದರ್ಬಾರಿನಿಂದ ನಡೆದ. ಮೊಪೆಡ್ಡು ಒಂದೇ ಕಂಬದ ದೂರಕ್ಕೆ ಬಂದ ಮೇಲೆ ಹಾರನ್ ಕೇಳಿತು.

"ನಿನಗೆ ಕಣ್ಣು ಮಂಜಾಗೈತೆ ಸಾಬಣ್ಣ!"

"ಟಾರ್ಚು ನಿನಗೆ ರೋಡು ತೋರಿಸ್ತದೆ ದೊಡ್ಡೀರಪ್ಪ. ನಿನ್ನನ್ನ ನನಗೆ ತೋರಿಸಲ್ಲ!"

ಆಮೇಲೆ ನನ್ನ ಸರದಿ. ದೀಪವನ್ನು ಅಂಗಿಯ ಬೆನ್ನಿಗೆ ಸಿಗಿಸಿಕೊಂಡು ಹೊರಟೆ. ಹಾರನ್ನಿಗೆ ಕಿವಿಗೊಟ್ಟೆ. ಇಲ್ಲ. ಮೊಪೆಡ್ಡಿನ ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಹಾರನ್ ಮಾತ್ರ ಇಲ್ಲ. ನನ್ನ ಮೊಣಕೈ ಸವರಿಕೊಂಡು ಏನೋ ನುಗ್ಗಿತು. "ಯಾ ಅಲ್ಲಾ!" ಎಂಬ ಕೂಗು. ಬಾಬಾ ಜಾನ್ ಮೊಪೆಡ್ಡಿನ ಸಮೇತ ಬಳ್ಳಾರಿ ಜಾಲಿಯ ಪೊದೆಯಲ್ಲಿದ್ದ.

ನಾನು ಗೆದ್ದವನ ಹಾಗೆ ಎದೆಯುಬ್ಬಿಸಿ ನಿಂತೆ. "ನೋಡ್ದಾ? ನಿನ್ನ ದೀಪ ಫೇಲು!"

ಮುಳ್ಳಿನೊಳಗಿಂದ ದನಿ ಬಂತು. "ಅಣ್ಣಾರೆ, ದೀಪ ಎಲ್ಲೈತೆ?"

ಗಂಗಾಂಬಿಕೆ ಓಡಿ ಬಂದು ನನ್ನ ಹಿಂದೆ ನಿಂತಳು. ಚಳಿಯೆಂದು ಹೆಗಲ ಮೇಲಿದ್ದ ಕಂಬಳಿಯನ್ನು ನಾನು ಯಾವಾಗ ಹೊದ್ದೆನೋ ನನಗೇ ಗೊತ್ತಿಲ್ಲ. ಅವಳು ಅದರ ಅಂಚನ್ನು ಎತ್ತಿದಳು. ಒಳಗೆ ದೀಪ ತನ್ನ ಪಾಡಿಗೆ ತಾನು ಮಿಣುಕುತ್ತಿತ್ತು.

"ಉರೀತಾನೇ ಐತೆ ಭಾವಾರೆ," ಎಂದಳು. "ನೀವು ಮುಚ್ಚಿಬಿಟ್ಟಿದ್ರಿ."

ಹೋದ ವರ್ಷ ನಾನು ತಮ್ಮನ ಹೆಗಲಿಗೆ ಹಾಕಿದ್ದೂ ಇಂಥದೇ ಕಂಬಳಿ. ಅವಳು ದೀಪ ಬಿಚ್ಚಿ, ಕಂಬಳಿಯ ಮೇಲೆ, ಬೆನ್ನಿನ ನಡುವೆ ಸಿಗಿಸಿದಳು. "ಇನ್ನೊಂದು ಸಲ ನಡೀರಿ" ಎಂದಳು.

ಬಾಬಾ ಜಾನ್ ಮುಳ್ಳು ಕೀಳುತ್ತಲೇ ಮತ್ತೆ ದೂರ ಹೋದ. ನಾನು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಆ ಕಡೆಯಿಂದ ಹಾರನ್ ಕೇಳಿತು. ಗಂಗಾಂಬಿಕೆ ಗಟ್ಟಿಯಾಗಿ ಎಣಿಸಿದಳು. ಹದಿಮೂರು ಕಂಬ.

"ಸೋಮವಾರ ಹೊರಡೋಣ," ಎಂದೆ. "ನಾನೂ ಬರ್ತೀನಿ."

ಬಾಬಾ ಜಾನ್ ಬೆಂಗಳೂರಿನಿಂದ ಇನ್ನೂ ಆರು ದೀಪ ತರಿಸಿದ. ಕಡೆಯ ಸೋಮವಾರ ನಸುಕಿನಲ್ಲಿ ನಾವು ಏಳು ಜನ ಹೊರಟೆವು: ಗಂಗಾಂಬಿಕೆ, ಅವಳ ಸ್ತ್ರೀಶಕ್ತಿ ಸಂಘದ ನಾಲ್ವರು ಹೆಣ್ಣುಮಕ್ಕಳು, ನಾನು, ದೊಡ್ಡೀರಪ್ಪ. ಎದುರಿನ ಗಾಡಿ ನಮಗೆ ಕಾಣುವಂತೆ ರಸ್ತೆಯ ಬಲಗಡೆ, ಒಬ್ಬರ ಹಿಂದೊಬ್ಬರು. ಮುಂದೆ ದೊಡ್ಡೀರಪ್ಪನ ಟಾರ್ಚು. ಎಲ್ಲರ ಬೆನ್ನಿಗೂ, ಕಂಬಳಿ ಸೆರಗುಗಳ ಮೇಲೆ, ಕೆಂಪು ದೀಪ.

ಒಂದು ಹರದಾರಿ ನಡೆದಿರಬಹುದು. ಹಿಂದಿನಿಂದ ಲಾರಿ ಸದ್ದು ಕೇಳಿತು. ಎಲ್ಲರೂ ಅಂಚಿಗೆ ಸರಿದೆವು. ಗಂಗಾಂಬಿಕೆ ನನ್ನ ಕಂಬಳಿಯ ತುದಿ ಹಿಡಿದುಕೊಂಡಳು. ಸದ್ದು ನಿಧಾನವಾಯಿತು. ಲಾರಿ ಬಹಳ ಹಿಂದೆಯೇ ನಿಂತುಬಿಟ್ಟಿತು. ಚಾಲಕ ಇಳಿದು ಕಾಗದಗಳ ಕಟ್ಟು ಹಿಡಿದು ಓಡಿ ಬಂದ.

"ಎಲ್ಲಾ ರೆಕಾರ್ಡು ಐತೆ ಸಾರ್! ಈರುಳ್ಳಿ ಲೋಡು. ಓವರ್‌ಲೋಡ್ ಇಲ್ಲ ಸಾರ್!"

ದೊಡ್ಡೀರಪ್ಪ ಒಂದು ಕ್ಷಣವೂ ತಡಮಾಡದೆ ಲೈಸೆನ್ಸು ಇಸಕೊಂಡು ಟಾರ್ಚು ಬಿಟ್ಟ. "ಫೋಟೋದಾಗೆ ಮೀಸೆ ಐತಲ್ಲಯ್ಯ. ಎಲ್ಲೋಯ್ತು?"

"ತಿರುಪತಿಗೆ ಕೊಟ್ಟೆ ಸಾರ್."

ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿ ನಕ್ಕರು. ಗಂಗಾಂಬಿಕೆ ಮುಂದೆ ಬಂದಳು. "ನಾವು ಪೊಲೀಸ್ನೋರಲ್ಲಪ್ಪ. ನಾಯಕನಹಟ್ಟಿಗೆ ಹೊಂಟೋರು. ನಮ್ಮನ್ನ ಎಲ್ಲಿಂದ ಕಂಡೆ?"

"ಆ ಹಳ್ಳದ ಸೇತುವೆ ಹತ್ರನೇ ಕಂಡೆ ಕಣವ್ವ. ಸಾಲಾಗಿ ಕೆಂಪು ದೀಪ. ಚೆಕ್‌ಪೋಸ್ಟ್ ಅಂದ್ಕೊಂಡೆ."

ಅವಳು ತಿರುಗಿ ನೋಡಿದಳು. ಸೇತುವೆ ಎಷ್ಟು ದೂರವಿತ್ತೆಂದರೆ ಆ ಕತ್ತಲೆಯಲ್ಲಿ ಅದರ ಸುಳಿವೂ ಇರಲಿಲ್ಲ.

"ಅಷ್ಟು ದೂರದಿಂದ ಕಂಡ್ವಾ?"

"ಕಂಡ್ರಿ ಅವ್ವ."

ಅವಳು ಬುತ್ತಿ ಬಿಚ್ಚಿ ಎರಡು ರೊಟ್ಟಿ, ಶೇಂಗಾ ಚಟ್ನಿ ಅವನ ಕೈಗಿಟ್ಟಳು. "ಚೆನ್ನಾಗಿ ಕಂಡ್ವಾ?" ಎಂದು ಮತ್ತೆ ಕೇಳಿದಳು.

ಅವನಿಗೆ ಏನೂ ಅರ್ಥವಾಗಲಿಲ್ಲ. "ಕಂಡ್ರಿ ಅವ್ವ, ಚೆನ್ನಾಗಿ ಕಂಡ್ರಿ," ಎಂದ.

ನಮ್ಮ ಅಂಗಳದಲ್ಲಿ ಹೋದ ವರ್ಷ ಕೇಳಬೇಕಾಗಿದ್ದ ಮಾತು ಅದು. ಅಲ್ಲಿಂದ ಮುಂದೆ ಗಂಗಾಂಬಿಕೆಯೇ ಎಲ್ಲರಿಗಿಂತ ಬೇಗ ನಡೆದಳು. ಬೆಳಗಿನ ಪೂಜೆಯ ಗಂಟೆ ಹೊಡೆಯುವುದರೊಳಗೆ ಸನ್ನಿಧಿ ಸೇರಿದೆವು.

ಇದನ್ನು ಓದುವವರೇ, ಕೇಳುವವರೇ, ನೀವು ಪಾದಯಾತ್ರೆಗೆ ಹೊರಡಬಹುದು, ಕುರಿ ಹೊಡೆದುಕೊಂಡು ಹೋಗಬಹುದು, ಮೊದಲ ಬಸ್ಸು ಹಿಡಿಯಲು ನಡೆಯಬಹುದು. ಕತ್ತಲಿದ್ದರೆ ಬೆನ್ನಿಗೊಂದು ಕೆಂಪು ದೀಪ ಸಿಗಿಸಿಕೊಳ್ಳಿ. ಸಿಗದಿದ್ದರೆ ಹೊಳೆಯುವ ಸ್ಟಿಕ್ಕರ್ ಪಟ್ಟಿಯನ್ನಾದರೂ ಚೀಲಕ್ಕೆ, ಕೋಲಿಗೆ ಅಂಟಿಸಿರಿ. ಅದರ ಮೇಲೆ ಕಂಬಳಿ ಹೊದೆಯಬೇಡಿ. ಹೊರಡುವ ಮುನ್ನ ಮನೆಯವರೊಬ್ಬರನ್ನು ದೂರ ನಿಲ್ಲಿಸಿ, "ಕಾಣ್ತೀನಾ?" ಎಂದು ಕೂಗಿ ಕೇಳಿ. "ಕಾಣ್ತೀಯಾ" ಎಂಬ ಉತ್ತರ ಬಂದ ಮೇಲೆ ಹೆಜ್ಜೆ ಇಡಿ.

ಅಪ್ಪಾ ತಿಪ್ಪೇಸ್ವಾಮಿ, ನನ್ನ ತಮ್ಮನ ನಾಲ್ಕು ಸೋಮವಾರ ಪೂರ್ತಿಯಾಯಿತು. ಅವನನ್ನು ನಿನ್ನ ಪಾದದ ಹತ್ತಿರ, ಬೆಳಕಿರುವ ಕಡೆ ಕೂರಿಸಿಕೋ. ಅವನ ಆತ್ಮಕ್ಕೆ ಶಾಂತಿ ಕೊಡು ತಂದೆ.